ಮುಂಬೈ ಊಟದ ದಾರಿ: ಏನು ತಿನ್ನಬೇಕು ಅನ್ನುವುದಕ್ಕಿಂತ ಯಾವಾಗ ತಿನ್ನಬೇಕು

ಹೋದ ಡಿಸೆಂಬರಿನಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಮೊಬೈಲ್‌ನಲ್ಲಿ ಒಂದು ಪಟ್ಟಿ. ಹದಿನೇಳು ತಿಂಡಿ, ಎರಡು ದಿನ. ಮೊದಲ ದಿನವೇ ವಡಾಪಾವ್, ಮಿಸಳ್, ಪಾವ್‌ಭಾಜಿ, ಕೀಮಾ ಪಾವ್ ಎಲ್ಲಾ ಮುಗಿಸಿ, ಸಂಜೆ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಬಿದ್ದುಕೊಂಡ. "ಹೇಗಿತ್ತೋ?" ಅಂದೆ. "ಚೆನ್ನಾಗಿತ್ತು ಚಿಕ್ಕಿ. ಎಲ್ಲದರಲ್ಲೂ ಪಾವ್ ಇತ್ತು" ಅಂದ.

ಅಷ್ಟೇ. ಇಡೀ ದಿನದಲ್ಲಿ ಒಬ್ಬರ ಹತ್ತಿರವೂ ಮಾತಾಡಿರಲಿಲ್ಲ.

ಮಾರನೇ ದಿನ ಅವನ ಪಟ್ಟಿ ಬದಿಗಿಟ್ಟು ನಾನೇ ಕರೆದುಕೊಂಡು ಹೋದೆ. ಎರಡೇ ಜಾಗ, ಆದರೆ ಸರಿಯಾದ ಹೊತ್ತಿಗೆ. ಮುಂಬೈಯಲ್ಲಿ ಹತ್ತಾರು ಸಮುದಾಯಗಳಿವೆ, ಒಬ್ಬೊಬ್ಬರ ಅಡುಗೆಗೂ ಒಂದು ಹೊತ್ತು, ಒಂದು ವಾರ, ಒಂದು ತಿಂಗಳು ಇದೆ. ತಿನಿಸು ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಹೊತ್ತಿಗೆ ಹೋದರೆ ಮಾತ್ರ ಅದನ್ನು ತಿನ್ನುವ ಜನ ಸಿಗುತ್ತಾರೆ. ಹತ್ತೊಂಬತ್ತು ವರ್ಷ ಇಲ್ಲಿ ಲೋಕಲ್ ಟ್ರೈನ್ ಹತ್ತಿ ಇಳಿದು ನನಗೆ ಗೊತ್ತಾದ ದಾರಿ ಇದು.

ಹೊರಡುವ ಮುಂಚೆ

ಅರ್ಧ ದಿನಕ್ಕೆ ಒಂದೇ ಸಮುದಾಯ. ಇದೊಂದು ನಿಯಮ ಮುರಿಯಬೇಡಿ. ಬೆಳಿಗ್ಗೆ ಇರಾನಿ ಹೋಟೆಲ್ ಅಂದರೆ ಮಧ್ಯಾಹ್ನದವರೆಗೂ ಆ ಸುತ್ತಲೇ ಇರಿ. ಇಬ್ಬರಿದ್ದರೆ ಒಂದೇ ಪ್ಲೇಟ್ ತರಿಸಿ ಹಂಚಿಕೊಳ್ಳಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೋಗುವ ಲೋಕಲ್ ಹತ್ತಬೇಡಿ. ಒಂದೋ ಆರೂವರೆಗೇ ಹೊರಡಿ, ಇಲ್ಲ ಹನ್ನೊಂದರ ಮೇಲೆ. ಚಿಲ್ಲರೆ ಇಟ್ಟುಕೊಳ್ಳಿ.

ಒಂದು ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ: "ಇದನ್ನು ನಿಮ್ಮ ಮನೆಯಲ್ಲಿ ಯಾವಾಗ ಮಾಡುತ್ತೀರಿ?" ಮರಾಠಿಯಲ್ಲಿ "ಹೇ ತುಮ್ಹೀ ಘರೀ ಕಧೀ ಕರತಾ?" ಹಿಂದಿಯಲ್ಲಿ "ಯೇ ಘರ್ ಪೇ ಕಬ್ ಬನಾತೇ ಹೋ?" ಇದರಲ್ಲಿ ಏನಿದೆ, ಹೇಗೆ ಮಾಡ್ತೀರಿ ಅಂತ ಕೇಳಿದರೆ ಒಂದು ಸಾಲಿನ ಉತ್ತರ ಬರುತ್ತದೆ. ಯಾವಾಗ ಅಂತ ಕೇಳಿದರೆ ಅಜ್ಜಿ, ಹಬ್ಬ, ಮದುವೆ, ಸಾವು ಎಲ್ಲಾ ಬರುತ್ತದೆ. ಮೀನು ಮಾರುವ ಹೆಂಗಸಿಗೆ "ಮಾವಶಿ" ಅನ್ನಿ. ಮರಾಠಿ ಹಿರಿಯರಿಗೆ "ಕಾಕಾ". ಪಾರ್ಸಿ ಹಿರಿಯರಿಗೆ "ಅಂಕಲ್" ಸಾಕು.

ಮೊದಲ ಹೆಜ್ಜೆ: ನಮ್ಮದೇ ಹೋಟೆಲಿನಿಂದ ಶುರು ಮಾಡಿ

"ಮುಂಬೈಗೆ ಬಂದು ಇಡ್ಲಿ ತಿನ್ನೋದಾ?" ಅಂತ ಅಕ್ಕನ ಮಗನೂ ಮುಖ ಸಿಂಡರಿಸಿದ್ದ. ಆದರೂ ಮೊದಲು ಮಾತುಂಗಕ್ಕೇ ಹೋಗಿ. ಅಲ್ಲಿ ನೋಡಬೇಕಾದದ್ದು ಇಡ್ಲಿಯನ್ನಲ್ಲ, ಇಡ್ಲಿ ತಿನ್ನುವವರನ್ನು.

ಮಾತುಂಗ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಶುರುವಾದದ್ದು 1942ರಲ್ಲಿ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮದ್ರಾಸ್, ಅದು 1940ರದ್ದು, ನಡೆಸುವವರು ಕಾಮತರು. ಭಾನುವಾರ ಬೆಳಿಗ್ಗೆ ಅದರ ಮುಂದೆ ಕ್ಯೂ. ಆ ಕ್ಯೂ ನೋಡಿ. ಗುಜರಾತಿ ಕುಟುಂಬಗಳು, ಮರಾಠಿ ಕಾಲೇಜು ಹುಡುಗರು, ಮೂರು ತಲೆಮಾರಿನಿಂದ ಇದೇ ಏರಿಯಾದಲ್ಲಿರುವ ತಮಿಳು ಅಜ್ಜಂದಿರು. ನಮಗೆ ದಿನನಿತ್ಯದ ತಿಂಡಿ, ಅವರಿಗೆ ಭಾನುವಾರದ ಸಂಭ್ರಮ. ಪಕ್ಕದ ಟೇಬಲ್ಲಿನವರು ಇಡ್ಲಿಯನ್ನು ಚಮಚದಲ್ಲಿ ಚೌಕಾಕಾರ ಕತ್ತರಿಸಿ ಸಾಂಬಾರಿನಲ್ಲಿ ಮುಳುಗಿಸುವುದನ್ನು ನೋಡಿದರೆ ನಗು ಬರುತ್ತದೆ. ನಾಳೆ ಅವರ ಮನೆಯ ತಿಂಡಿಯನ್ನು ನೀವು ತಿನ್ನುವಾಗ ಅವರಿಗೂ ಹಾಗೇ ನಗು ಬರುತ್ತದೆ ಅಂತ ನೆನಪಿಟ್ಟುಕೊಳ್ಳಿ.

ಸಪ್ಲಾಯರ್ ಹತ್ತಿರ ಕನ್ನಡದಲ್ಲಿ ಮಾತಾಡಿ ನೋಡಿ. ತುಳುವೋ ಕುಂದಾಪ್ರ ಕನ್ನಡವೋ ಹೊರಗೆ ಬಂದರೂ ಬರಬಹುದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರ ತಲೆಮಾರು ಈ ಊರಿನಲ್ಲಿ ದೊಡ್ಡದು. ಗಲ್ಲಾದ ಮೇಲೆ ಕೂತ ಹಿರಿಯರಿಗೆ ಪುರುಸೊತ್ತಿದ್ದರೆ, ಮಧ್ಯಾಹ್ನ ಮೂರರ ಮೇಲೆ, ಆ ಕಥೆ ಕೇಳಿ.

ಒಂದು ಎಚ್ಚರಿಕೆ. ಮುಂಬೈ ರಸ್ತೆಬದಿಯ "ಮೈಸೂರು ಮಸಾಲ"ಕ್ಕೂ ಮೈಸೂರಿಗೂ ಸಂಬಂಧ ಕಡಿಮೆ. ಬೀಟ್‌ರೂಟ್, ದಪ್ಪಮೆಣಸು, ಕೆಂಪು ಚಟ್ನಿ, ಒಂದು ಮುಷ್ಟಿ ಬೆಣ್ಣೆ, ಎಲ್ಲವನ್ನೂ ಕಾವಲಿಯ ಮೇಲೇ ಜಜ್ಜುತ್ತಾರೆ. ದೋಸೆ ಅಂತ ತಿಂದರೆ ಸಿಟ್ಟು ಬರುತ್ತದೆ. ಬೇರೆ ಏನೋ ಅಂತ ತಿಂದರೆ ರುಚಿ.

ಎರಡನೇ ಹೆಜ್ಜೆ: ಬೆಳಗಿನ ಇರಾನಿ ಹೋಟೆಲ್

ಧೋಬಿ ತಲಾವ್ ಹತ್ತಿರ ಕಯಾನಿ ಅಂಡ್ ಕಂಪನಿ ಇದೆ, 1904ರಿಂದ. ಬೆಳಿಗ್ಗೆ ಏಳೂವರೆ ಎಂಟಕ್ಕೆ ಹೋಗಿ. ಆ ಹೊತ್ತಿಗೆ ಹೋದರೆ ಪೇಪರ್ ಓದುವ ಹಿರಿಯರು ಕಾಣುತ್ತಾರೆ. ಹನ್ನೊಂದಕ್ಕೆ ಹೋದರೆ ಫೋಟೋ ತೆಗೆಯುವವರು.

ತರಿಸಬೇಕಾದದ್ದು ಎರಡೇ: ಚಹಾ, ಜೊತೆಗೆ ಬನ್ ಮಸ್ಕಾ ಅಥವಾ ಬ್ರುನ್ ಮಸ್ಕಾ. ಬನ್ ಮೆತ್ತಗೆ, ಸ್ವಲ್ಪ ಸಿಹಿ. ಬ್ರುನ್ ಹೊರಗೆ ಗಟ್ಟಿ, ಹಲ್ಲಿಗೆ ಸವಾಲು. ಮಸ್ಕಾ ಅಂದರೆ ಬೆಣ್ಣೆ. ಬ್ರುನ್ ತುಂಡನ್ನು ಚಹಾದಲ್ಲಿ ಅದ್ದಿ, ಎರಡು ಮೂರು ಎಣಿಸುವಷ್ಟು ಹೊತ್ತು ಹಿಡಿದು, ಕುಸಿಯುವ ಮುಂಚೆ ಬಾಯಿಗೆ ಹಾಕಬೇಕು. ಚಹಾದ ಮೇಲೆ ಬೆಣ್ಣೆಯ ಹಳದಿ ಚುಕ್ಕೆಗಳು ತೇಲುತ್ತವೆ. ಕೊನೆಗೆ ಆ ಚಹಾವನ್ನೂ ಕುಡಿಯಬೇಕು. ನನಗೆ ಇದು ರೂಢಿಯಾಗಲು ಎರಡು ವರ್ಷ ಹಿಡಿಯಿತು.

ಇರಾನಿ ಬೇರೆ, ಪಾರ್ಸಿ ಬೇರೆ. ಪಾರ್ಸಿಗಳು ಸಾವಿರ ವರ್ಷಕ್ಕೂ ಹಿಂದೆ ಪರ್ಷಿಯಾದಿಂದ ಗುಜರಾತಿಗೆ ಬಂದವರು, ಅವರ ಮನೆಮಾತು ಗುಜರಾತಿ. ಇರಾನಿ ಹೋಟೆಲ್ ತೆರೆದವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಇಪ್ಪತ್ತನೆಯದರ ಶುರುವಿನಲ್ಲಿ ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಬಂದವರು. ಅವರಲ್ಲಿ ಹೆಚ್ಚಿನವರು ಪಾರ್ಸಿಗಳ ಹಾಗೇ ಜರತುಷ್ಟ್ರರ ಅನುಯಾಯಿಗಳು, ಕೆಲವರು ಶಿಯಾ ಮುಸ್ಲಿಮರು. ಬೀದಿಯ ಮೂಲೆಯ ಅಂಗಡಿ ಅಶುಭ ಅಂತ ಬೇರೆಯವರು ಬಿಟ್ಟರು, ಇವರು ಹಿಡಿದರು ಅಂತ ಇಲ್ಲಿ ಹೇಳುತ್ತಾರೆ. ನಿಜವೋ ಕಥೆಯೋ, ಹಳೇ ಇರಾನಿ ಹೋಟೆಲುಗಳು ಮೂಲೆಯಲ್ಲಿರುವುದಂತೂ ಜಾಸ್ತಿ.

ಮಧ್ಯಾಹ್ನಕ್ಕೆ ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ. 1923ರದ್ದು, ಮಧ್ಯಾಹ್ನದ ಊಟ ಮಾತ್ರ. ಅಲ್ಲಿಯ ಬೆರ್ರಿ ಪುಲಾವ್ ಮೇಲೆ ಕೆಂಪಗೆ ಹುಳಿಹುಳಿ ಕಾಣುವುದು ದ್ರಾಕ್ಷಿಯಲ್ಲ, ಇರಾನಿನಿಂದ ಬರುವ ಜರೆಶ್ಕ್ ಅನ್ನುವ ಕಾಡುಹಣ್ಣು.

ಇನ್ನು ಧನ್‌ಸಾಕ್. ಬೇಳೆ, ತರಕಾರಿ, ಮಟನ್ ಒಟ್ಟಿಗೆ ಬೇಯಿಸಿ ಕಂದು ಅನ್ನದ ಜೊತೆ ಬಡಿಸುವ ಸಾರು. ನಾನು ಫೋರ್ಟಿನ ಆಫೀಸಿನಲ್ಲಿದ್ದಾಗ ಬಡ್ತಿ ಸಿಕ್ಕ ದಿನ ಪಾರ್ಸಿ ಗೆಳತಿಗೆ "ಖುಷಿಗೆ ನಿಮ್ಮ ಮನೆಯ ಧನ್‌ಸಾಕ್ ತಂದುಕೊಡಿ" ಅಂದಿದ್ದೆ. ಅವರು ಕಣ್ಣರಳಿಸಿ, "ಯಾಕೆ, ಯಾರು ಹೋಗಿಬಿಟ್ಟರು?" ಅಂದರು. ಪಾರ್ಸಿ ಮನೆಯಲ್ಲಿ ಸಾವಾದರೆ ಮೂರು ದಿನ ಮಾಂಸ ಇಲ್ಲ. ನಾಲ್ಕನೇ ದಿನ ಧನ್‌ಸಾಕ್ ಮಾಡಿ ಆ ವ್ರತ ಮುರಿಯುತ್ತಾರೆ. ಹಾಗಾಗಿ ಮದುವೆಗೆ, ಹುಟ್ಟುಹಬ್ಬಕ್ಕೆ, ಹೊಸ ವರ್ಷಕ್ಕೆ ಅದು ಬರುವುದಿಲ್ಲ. ಭಾನುವಾರ ಮಧ್ಯಾಹ್ನ ಸುಮ್ನೆ ಮಾಡಿಕೊಂಡು ತಿಂದು ಮಲಗಬಹುದು, ಅದು ಬೇರೆ. ನಾನು ಕೇಳಿದ್ದು ನಮ್ಮ ಕಡೆ ಮದುವೆ ಮನೆಯಲ್ಲಿ "ತಿಥಿ ವಡೆ ಇಲ್ವಾ?" ಅಂತ ಕೇಳಿದ ಹಾಗಾಗಿತ್ತು.

ಮುಂದೆ ಅದೇ ಗೆಳತಿ ತಮ್ಮ ಮನೆಯ ಮದುವೆಗೆ ಕರೆದರು. "ಜಮವಾ ಚಾಲೋಜಿ" ಅಂತ ಕೂಗಿದರು, ಊಟಕ್ಕೆ ಏಳಿ ಅಂತ. ಹೋಗಿ ಕೂತರೆ ಎದುರಿಗೆ ಬಾಳೆ ಎಲೆ! ಎಲೆಯ ಮೇಲೆ ಗಜ್ಜರಿ, ಒಣಹಣ್ಣಿನ ಸಿಹಿ ಉಪ್ಪಿನಕಾಯಿ, ಸಬ್ಬಕ್ಕಿ ಸಂಡಿಗೆ. ಆಮೇಲೆ ಬಾಳೆ ಎಲೆಯಲ್ಲೇ ಕಟ್ಟಿ ಬೇಯಿಸಿದ ಹಸಿರು ಚಟ್ನಿಯ ಮೀನು, ಪಾತ್ರಾ ನಿ ಮಚ್ಛಿ. ಬಿಚ್ಚಿದ ಕೂಡಲೇ ತೆಂಗಿನಕಾಯಿ, ಕೊತ್ತಂಬರಿ, ಬೆಂದ ಎಲೆ ಮೂರರ ಘಮ ಒಟ್ಟಿಗೆ ಬಂತು. ನನಗೆ ಅಮ್ಮ ಅರಿಶಿನ ಎಲೆಯಲ್ಲಿ ಕಟ್ಟುವ ಕಡುಬು ನೆನಪಾಯಿತು.

ಮೂರನೇ ಹೆಜ್ಜೆ: ಪಂಚಾಂಗ ನೋಡಿ ಮೀನಿಗೆ ಹೋಗಿ

ಮುಂಬೈಯ ಮೂಲನಿವಾಸಿಗಳು ಕೋಳಿಗಳು. ಕನ್ನಡದಲ್ಲಿ ಓದಿ ನಗಬೇಡಿ, ಇವರು ಮೀನಿನವರು. ವರ್ಲಿ, ವರ್ಸೋವಾ, ಮಾಹಿಮ್‌ಗಳಲ್ಲಿ ಇವರ ಕೋಳಿವಾಡಗಳಿವೆ. ಮೀನು ನೋಡಬೇಕಾದರೆ ಕೊಲಾಬಾದ ಸಸೂನ್ ಡಾಕ್‌ಗೆ ಬೆಳಗಿನ ಜಾವ ಐದಕ್ಕೆ ಹೋಗಿ. 1875ರ ಡಾಕ್. ನೆಲ ಜಾರುತ್ತದೆ, ಹಳೇ ಚಪ್ಪಲಿ ಹಾಕಿಕೊಳ್ಳಿ. ಕ್ಯಾಮೆರಾ ಹೊರಗೆ ತೆಗೆಯಬೇಡಿ, ಅಲ್ಲಿ ಫೋಟೋಗೆ ನಿರ್ಬಂಧವಿದೆ. ಮಧ್ಯದಲ್ಲಿ ನಿಲ್ಲಬೇಡಿ. ತಲೆಯ ಮೇಲೆ ಬುಟ್ಟಿ ಹೊತ್ತವರು ನಿಮಗಾಗಿ ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ಹೆಸರು ಗೊತ್ತಿದ್ದರೆ ಮಾತು ಸಲೀಸು. ಇವರ ಸುರಮಯಿ ನಮ್ಮ ಅಂಜಲ್. ಬಾಂಗ್ಡಾ ನಮ್ಮ ಬಂಗುಡೆ. ಪಾಪ್ಲೇಟ್ ಅಂದರೆ ಮಾಂಜಿ. ತಾರ್ಲಿ ಅಂದರೆ ಬೂತಾಯಿ, ನಮ್ಮ ಕುಂದಾಪುರದಲ್ಲಿ ಬೈಗೆ. ಬೊಂಬಿಲ್ ಮಾತ್ರ ಈ ಊರಿನ ಹೆಮ್ಮೆ. ಹಸಿಯಾಗಿದ್ದಾಗ ಜೆಲ್ಲಿಯ ಹಾಗೆ ಜಾರುವ ಮೀನು, ತುಂಬಾ ನೀರು. ಸೀಳಿ, ಭಾರ ಹೇರಿ, ನೀರು ಹಿಂಡಿ, ರವೆ ಹಚ್ಚಿ ಕರಿದರೆ ಹೊರಗೆ ಗರಿಗರಿ, ಒಳಗೆ ಇದೆಯೋ ಇಲ್ಲವೋ ಅನ್ನುವ ಹಾಗೆ ಕರಗುತ್ತದೆ. ಮುಳ್ಳು ಕೂಡ ಮೆತ್ತಗೆ. ಮಳೆ ಮುಗಿದ ಮೇಲೆ ವರ್ಸೋವಾ ಕಡೆ ಹೋದರೆ ಬಿದಿರಿನ ಗಳಗಳ ಮೇಲೆ ಸಾಲಾಗಿ ನೇತುಹಾಕಿ ಒಣಗಿಸುವುದನ್ನು ನೋಡಬಹುದು.

ಈಗ ಪಂಚಾಂಗ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮರಿಯಿಡುವ ಕಾಲ ಅಂತ. ಆಗ ಬಂದರೆ ಡಾಕ್ ಖಾಲಿ. ಸಿಕ್ಕುವುದು ಐಸ್ ಮೀನು, ಇಲ್ಲ ಒಣಮೀನು. ಒಣಮೀನನ್ನೇ ತಿನ್ನಿ, ಅದೇ ಆ ಕಾಲದ ಊಟ. ನಮ್ಮ ಕಡೆ ಮಳೆಗಾಲದಲ್ಲಿ ಮಾಡುವುದೂ ಅದನ್ನೇ ಅಲ್ವಾ? ನಾರಳಿ ಪೂರ್ಣಿಮೆಯ ದಿನ ಕೋಳಿಗಳು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊಸ ಋತು ಶುರು ಮಾಡುತ್ತಾರೆ.

ಶ್ರಾವಣದಲ್ಲಿ ಬಹಳಷ್ಟು ಮರಾಠಿ ಮನೆಗಳಲ್ಲಿ ಮೀನು ಮಾಂಸ ಇಲ್ಲ. ಬೇರೆ ತಿಂಗಳಲ್ಲೂ ಸೋಮವಾರ, ಗುರುವಾರ ಬಿಡುವವರಿದ್ದಾರೆ. ನಾನೊಮ್ಮೆ ಶ್ರಾವಣದ ಗುರುವಾರ ದಾದರಿನ ಒಂದು ಮಾಲ್ವಣಿ (ಕೊಂಕಣದ ಮಾಲ್ವಣ್ ಕಡೆಯ) ಖಾನಾವಳಿಗೆ ಹೋಗಿ ಒಬ್ಬಳೇ ಕೂತು ಉಂಡಿದ್ದೆ. ಮೀನೂ ಹಳತು, ಮಾತಿಗೆ ಜನವೂ ಇಲ್ಲ. ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಗೆ ಹೋಗಿ. ಇಲ್ಲಿ ಅದಕ್ಕೆ ಗಟಾರಿ ಅನ್ನುತ್ತಾರೆ. ಒಂದು ತಿಂಗಳ ಉಪವಾಸಕ್ಕೆ ಮುಂಚೆ ಕೋಳಿ, ಮಟನ್, ಕುಡಿತ ಎಲ್ಲಾ ಒಂದೇ ರಾತ್ರಿ. ಅದೇ ಅಮಾವಾಸ್ಯೆ ಮೈಸೂರು ಕಡೆ ಭೀಮನ ಅಮಾವಾಸ್ಯೆ. ತುಳುನಾಡಿನಲ್ಲಿ ಸಾಮಾನ್ಯವಾಗಿ ಅದೇ ಆಟಿ ಅಮಾವಾಸ್ಯೆ, ಬೆಳಿಗ್ಗೆ ಎದ್ದು ಹಾಲೆ ಮರದ ಕಹಿ ಕಷಾಯ ಕುಡಿಯುವ ದಿನ. ಒಂದೇ ದಿನ ಒಬ್ಬರಿಗೆ ಕಷಾಯ, ಒಬ್ಬರಿಗೆ ಗ್ಲಾಸು.

ಮಾಲ್ವಣಿ ಊಟಕ್ಕೆ ಕೂತರೆ ಮೊದಲು ಪೂರಿಯ ಹಾಗಿನ ವಡೆಯನ್ನೋ ರೊಟ್ಟಿಯಂಥ ಭಾಕರಿಯನ್ನೋ ಸಾರಿನ ಜೊತೆ ಮುಗಿಸಿ, ಆಮೇಲೆ ಅನ್ನ, ಕೊನೆಗೆ ಸೋಲ್‌ಕಢಿ. ಗುಲಾಬಿ ಬಣ್ಣದ ಈ ನೀರು ನಮ್ಮ ಪುನರ್ಪುಳಿ, ಮುರುಗಲ ಹುಳಿಯದ್ದೇ, ಜೊತೆಗೆ ತೆಂಗಿನ ಹಾಲು, ಬೆಳ್ಳುಳ್ಳಿ. ಖಾರದ ಮೇಲೆ ಕುಡಿದರೆ ಹೊಟ್ಟೆ ತಣ್ಣಗೆ.

ಸಸ್ಯಾಹಾರಿಗಳಿಗೆ

ಭಯ ಬೇಡ. ಈ ಊರು ನಿಮಗೇ ಜಾಸ್ತಿ ಒಗ್ಗುತ್ತದೆ. ಕಾಲ್‌ಬಾದೇವಿಯಲ್ಲಿ 1945ರಿಂದ ನಡೆಯುತ್ತಿರುವ ಶ್ರೀ ಠಾಕ್ಕರ್ ಭೋಜನಾಲಯಕ್ಕೆ ಹೋಗಿ ಗುಜರಾತಿ ಥಾಲಿಗೆ ಕೂರಿ. ಬೇಳೆಗೆ ಬೆಲ್ಲ ಹಾಕಿರುತ್ತಾರೆ. ಉಡುಪಿ ಕಡೆಯವರಿಗೆ ಸರಿಹೋಗುತ್ತದೆ, ಹುಬ್ಬಳ್ಳಿಯವರು ಗೊಣಗುತ್ತಾರೆ. ಬಡಿಸುವವರು ಕೇಳುವುದಿಲ್ಲ, ಹಾಕುತ್ತಲೇ ಹೋಗುತ್ತಾರೆ. "ಬಸ್" ಅಂತ ಬಾಯಲ್ಲಿ ಹೇಳಿದರೆ ಅದು ಸಂಕೋಚ ಅಂತ ಲೆಕ್ಕ. ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಚಳಿಗಾಲದಲ್ಲಿ ಬಂದರೆ ಊಂಧಿಯೂ ಅನ್ನುವ ತರಕಾರಿ ಪಲ್ಯ ಕೇಳಿ ತಿನ್ನಿ, ಬೇಸಿಗೆಯಲ್ಲಿ ಕೇಳಲೇಬೇಡಿ.

ಭಾನುವಾರ ಬೆಳಿಗ್ಗೆ ಚೆಂಬೂರ್ ಕ್ಯಾಂಪ್ ಕಡೆ ಸಿಂಧಿಗಳ ದಾಲ್ ಪಕ್ವಾನ್. ಗರಿಗರಿ ಪೂರಿಯ ಹಾಗಿನದ್ದರ ಜೊತೆ ಗಟ್ಟಿ ಕಡಲೆಬೇಳೆ. 1947ರ ನಂತರ ನಿರಾಶ್ರಿತರ ಶಿಬಿರವಾಗಿದ್ದ ಜಾಗ ಅದು, ಹೆಸರಿನಲ್ಲಿ ಕ್ಯಾಂಪ್ ಇನ್ನೂ ಉಳಿದಿದೆ.

ವಡಾಪಾವ್ ಬೇಕೇ ಬೇಕು ಅಂದರೆ ದಾದರ್ ಸ್ಟೇಷನ್ ಹೊರಗೆ, ಸಂಜೆ, ನಿಂತುಕೊಂಡೇ ತಿನ್ನಿ. 1966ರಲ್ಲಿ ಅಲ್ಲೇ ಅಶೋಕ್ ವೈದ್ಯ ಅನ್ನುವವರು ಶುರು ಮಾಡಿದರು ಅಂತ ಹೆಚ್ಚಿನವರು ಹೇಳುತ್ತಾರೆ. ಅಂದಹಾಗೆ ಪಾವ್, ಬಟಾಟೆ, ಮೆಣಸಿನಕಾಯಿ ಮೂರನ್ನೂ ಈ ಕರಾವಳಿಗೆ ತಂದವರು ಪೋರ್ಚುಗೀಸರು. ಪಾವ್, ಬಟಾಟೆ ಎರಡೂ ಅವರದೇ ಮಾತು.

ನಾಲ್ಕನೇ ಹೆಜ್ಜೆ: ಒಂದು ಮನೆಯೊಳಗೆ ಕೂರಿ

ಹೋಟೆಲಿನಲ್ಲಿ ಸಿಗದ ಊಟಗಳಿವೆ. ಅದರಲ್ಲಿ ನನಗೆ ಇಷ್ಟವಾದದ್ದು ಗುಜರಾತಿ ಮೂಲದ ಶಿಯಾ ಮುಸ್ಲಿಮರಾದ ದಾವೂದಿ ಬೊಹ್ರಾಗಳ ಥಾಲ್. ಮನೆಯಲ್ಲೇ ಹೊರಗಿನವರಿಗೆ ದುಡ್ಡಿಗೆ ಊಟ ಹಾಕುವವರು ಮುಂಬೈಯಲ್ಲಿದ್ದಾರೆ, ಮುಂಚೆಯೇ ಬುಕ್ ಮಾಡಬೇಕು. ಪರಿಚಯದವರ ಮನೆಗೆ ಕರೆ ಬಂದರಂತೂ ಬಿಡಬೇಡಿ.

ನೆಲಕ್ಕೆ ಬಟ್ಟೆ ಹಾಸಿ, ಗಿಡ್ಡ ಸ್ಟ್ಯಾಂಡ್ ಮೇಲೆ ಒಂದು ದೊಡ್ಡ ತಟ್ಟೆ ಇಡುತ್ತಾರೆ. ಸುತ್ತ ಏಳೆಂಟು ಜನ. ತಲೆ ಮುಚ್ಚಿಕೊಳ್ಳಬೇಕು, ಒಂದು ದುಪಟ್ಟಾ ಅಥವಾ ಟೋಪಿ ಇರಲಿ. ಮನೆಯವರೇ ಬಂದು ಕೈಗೆ ನೀರು ಹಾಕುತ್ತಾರೆ. ಮೊದಲಿಗೆ ಬರುವುದು ಉಪ್ಪು. ಬೆರಳ ತುದಿಗೆ ಒಂದು ಚಿಟಿಕೆ, ನಾಲಿಗೆಗೆ. ನಮ್ಮ ಎಲೆಯ ತುದಿಗೂ ಮೊದಲು ಬೀಳುವುದು ಉಪ್ಪೇ, ಆದರೆ ನಾವು ಅದನ್ನು ಮುಟ್ಟುವುದಿಲ್ಲ. ಆಮೇಲೆ ಸಿಹಿ. ಹೌದು, ಊಟದ ಮುಂಚೆ ಸಿಹಿ, ಒಮ್ಮೊಮ್ಮೆ ಐಸ್‌ಕ್ರೀಮ್ ಕೂಡ. ಅದು ಮುಗಿದ ಮೇಲೆ ಖಾರ, ಮತ್ತೆ ಸಿಹಿ, ಮತ್ತೆ ಖಾರ. ಒಂದು ಬಗೆ ಮುಗಿಯದೆ ಇನ್ನೊಂದು ಬರುವುದಿಲ್ಲ. ನಿಮ್ಮ ಮುಂದಿನ ಭಾಗದಿಂದ ಮಾತ್ರ ತಿನ್ನಬೇಕು, ಎದುರಿನವರ ಕಡೆ ಕೈ ಚಾಚಬಾರದು. ಒಂದು ಅಗುಳೂ ಬಿಡಬಾರದು. ಕೊನೆಗೆ ಮತ್ತೆ ಉಪ್ಪು.

ಒಂದೇ ತಟ್ಟೆಯಲ್ಲಿ ಪರಿಚಯವಿಲ್ಲದವರ ಜೊತೆ ಕೈಹಾಕುವುದು ನಮ್ಮಂಥ ಎಂಜಲು ಮುಸುರೆ ನೋಡಿ ಬೆಳೆದವರಿಗೆ ಸುಲಭವಲ್ಲ. ನನ್ನ ಕೈ ಮೊದಲ ಸಲ ನಿಜವಾಗಿಯೂ ತಡೆಯಿತು. ಪಕ್ಕದಲ್ಲಿದ್ದ ಅಜ್ಜಿ ಏನೂ ಹೇಳದೆ ಒಂದು ಒಳ್ಳೆಯ ತುಂಡು ಮಾಂಸ ಬಿಡಿಸಿ ನನ್ನ ಕಡೆಗೆ ಸರಿಸಿದರು. ಆಮೇಲೆ ತಡೆಯಲಿಲ್ಲ.

ಮನೆಗೆ ಹೋಗುವುದು ಸಾಧ್ಯವಾಗದಿದ್ದರೆ ರಂಜಾನ್ ತಿಂಗಳಲ್ಲಿ ಮೊಹಮ್ಮದ್ ಅಲಿ ರೋಡ್, ಮಿನಾರಾ ಮಸೀದಿ ಸುತ್ತ ರಾತ್ರಿ ಒಂಬತ್ತರ ಮೇಲೆ. ಇಫ್ತಾರ್ ಹೊತ್ತಿಗೇ ನುಗ್ಗಬೇಡಿ, ದಿನವಿಡೀ ಉಪವಾಸ ಇದ್ದವರು ಮೊದಲು ತಿನ್ನಲಿ. ಅಲ್ಲಿಯ ಮಾಲ್ಪುವಾಕ್ಕೆ ಮೊಟ್ಟೆ ಹಾಕುತ್ತಾರೆ, ತಿನ್ನದವರು ಮಣ್ಣಿನ ಬಟ್ಟಲಿನ ಫಿರ್ನಿ ತಗೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಬರುವವರಿಗೆ ಒಂದು ಮಾತು

ಈಸ್ಟ್ ಇಂಡಿಯನ್ ಅಂತ ಒಂದು ಸಮುದಾಯ ಇದೆ. ಹೆಸರು ಕೇಳಿ ಬಂಗಾಳದವರು ಅಂದುಕೊಳ್ಳಬೇಡಿ. ಇವರು ಮುಂಬೈ, ವಸಾಯಿಯ ಮೂಲದ ಕ್ಯಾಥೊಲಿಕರು. ಗೋವಾ, ಮಂಗಳೂರಿನಿಂದ ಕೆಲಸಕ್ಕೆ ಬಂದ ಕ್ರೈಸ್ತರಿಂದ ತಾವು ಬೇರೆ ಅಂತ ತೋರಿಸಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷ, ಈ ಹೆಸರು ಇಟ್ಟುಕೊಂಡರು. ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಮಾನು ಬಿಸಿಲಿಗೆ ಒಣಗಿಸಿ, ಹುರಿದು, ಕುಟ್ಟಿ ವರ್ಷಕ್ಕಾಗುವಷ್ಟು ಮಸಾಲೆ ಮಾಡುತ್ತಾರೆ. ತುಂಬಿಡುವುದು ಖಾಲಿ ಬಿಯರ್ ಬಾಟಲಿಯಲ್ಲಿ, ಬೆಳಕು ತಾಗಬಾರದು ಅಂತ. ಅದಕ್ಕೇ ಅದು ಬಾಟಲ್ ಮಸಾಲೆ. ನಮ್ಮ ಅಮ್ಮಂದಿರು ಮಳೆಗೆ ಮುಂಚೆ ಹಪ್ಪಳ, ಸಂಡಿಗೆ, ಸಾರಿನ ಪುಡಿ ಮಾಡುವ ಅದೇ ಬಿಸಿಲು. ವಸಾಯಿ, ಗೊರಾಯಿ ಕಡೆ ಆ ಹೊತ್ತಿನಲ್ಲಿ ಹೋದರೆ ಅಂಗಳದಲ್ಲಿ ಮೆಣಸು ಹರಡಿರುವುದು ಕಾಣಬಹುದು. ಮೂಗಿಗೆ ಕರವಸ್ತ್ರ ಇರಲಿ.

ಹೊಟ್ಟೆ ಮತ್ತು ಚೀಲ

ಮಳೆಗಾಲದಲ್ಲಿ ರಸ್ತೆಬದಿಯ ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣು ಬೇಡ. ಎಣ್ಣೆಯಿಂದ ಆಗತಾನೇ ತೆಗೆದದ್ದು ಪರವಾಗಿಲ್ಲ. ಒಆರ್‌ಎಸ್ ಎರಡು ಪ್ಯಾಕೆಟ್ ಚೀಲದಲ್ಲಿರಲಿ.

ಊರಿಗೆ ಒಯ್ಯುವುದಾದರೆ ಬ್ರುನ್ ಒಯ್ಯಬೇಡಿ, ಮಾರನೇ ದಿನಕ್ಕೆ ಇಟ್ಟಿಗೆಯಾಗುತ್ತದೆ. ಮಾವಾ ಕೇಕ್ ಎರಡು ದಿನ ತಡೆಯುತ್ತದೆ. ಬಾಟಲ್ ಮಸಾಲೆ ವರ್ಷ. ಒಣ ಬೊಂಬಿಲ್ ಒಯ್ಯುವ ಆಸೆಯಿದ್ದರೆ ಪೇಪರ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಅಕ್ಕನ ಮಗ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ಊರಿನಲ್ಲಿರುವ ಅಮ್ಮನನ್ನು ನೋಡಿಕೊಂಡು ಹೋಗುತ್ತೇನೆ ಅಂತ ಕುರ್ಲಾದಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧಾ ರೈಲು ಹತ್ತಿದ. ಪನ್ವೇಲ್ ದಾಟುವಷ್ಟರಲ್ಲಿ ಬೋಗಿಯಿಡೀ ವಾಸನೆ. ಮೇಲಿನ ಬರ್ತಿನಿಂದ ಒಬ್ಬರು ತಲೆ ಇಳಿಬಿಟ್ಟರಂತೆ. ಬೈಗುಳ ಬೀಳುತ್ತದೆ ಅಂತ ಇವನು ಚೀಲ ಕಾಲಡಿಗೆ ತಳ್ಳಿದ. ಅವರು ಕೇಳಿದ್ದು, "ಎಷ್ಟಕ್ಕೆ ಕೊಟ್ರು ಮಾರಾಯ್ರೆ?"